ಎರಡು ಮನೆ, ಎರಡು ತರದ ಮರೆವು

"ಸೊಸಿ ಊಟ ಹಾಕಿಲ್ಲರಿ."

ಭಾಲ್ಕಿಯ ಆ ಓಣಿಯಲ್ಲಿ ಯಾರೇ ಹಾದುಹೋಗಲಿ, ಕಟ್ಟೆಯ ಮೇಲೆ ಕುಳಿತ ಸುಭದ್ರಾಬಾಯಿ ಹೀಗೆ ಹೇಳುತ್ತಿದ್ದಳು. ಒಳಗೆ ಸೊಸೆ ಜಿಜಾಬಾಯಿ, ಅತ್ತೆ ಈಗಷ್ಟೇ ಉಂಡ ತಾಟು ತೊಳೆಯುತ್ತಿರುತ್ತಿದ್ದಳು. ಎರಡು ರೊಟ್ಟಿ, ಬೇಳೆ, ಮೇಲೊಂದು ಬಟ್ಟಲು ಮಜ್ಜಿಗೆ. ಉಂಡ ಕೈ ಇನ್ನೂ ಒಣಗಿರುತ್ತಿರಲಿಲ್ಲ. ಆದರೆ ಓಣಿಯ ಬಾಯಿಗಳಿಗೆ ಅಷ್ಟು ಸಾಕಾಗಿತ್ತು. ಅತ್ತೆಯನ್ನು ಉಪವಾಸ ಕೆಡಹುವ ಸೊಸೆ ಎಂದು ಜಿಜಾಬಾಯಿಯ ಹೆಸರು ನೀರಿನ ಬಾವಿಯ ತನಕ ಹೋಗಿತ್ತು.

ಆಗ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಆರು ತಿಂಗಳಾಗಿತ್ತು. ಜಿಜಾಬಾಯಿಯ ಗಂಡ ಪಂಢರಿ ತಹಶೀಲ ಕಚೇರಿಯ ಗುಮಾಸ್ತ. ಉರ್ದುವಿನಲ್ಲಿ ಓದಿದವನು. ಇನ್ನು ಮುಂದೆ ಕಚೇರಿಯಲ್ಲಿ ಬೇಕಾಗುತ್ತದೆಂದು ನಲವತ್ತರ ವಯಸ್ಸಿನಲ್ಲಿ ಕನ್ನಡ ಅಕ್ಷರ ತಿದ್ದುತ್ತಿದ್ದ. ದಿನಾ ಬೆಳಿಗ್ಗೆ ಬಾಯಿಪಾಠ, ಸಂಜೆಗೆ ಮತ್ತೆ ಬಾಯಿಪಾಠ. ಮೆಚ್ಚಬೇಕಾದ ಮನುಷ್ಯನೇ. ಆದರೆ ತನಗೆ ಹಿಡಿಸಿದ ಔಷಧ ಊರಿಗೆಲ್ಲ ಹಿಡಿಸುತ್ತದೆ ಎಂದು ನಂಬಿದವನು. ತಾಯಿಯನ್ನೂ ಎದುರಿಗೆ ಕೂಡಿಸಿಕೊಂಡು ಪಾಠ ಶುರು ಮಾಡಿದ.

"ಅವ್ವಾ, ಮುಂಜಾನಿ ಏನ್ ಉಂಡಿ? ರೊಟ್ಟಿ. ಹೇಳು, ರೊಟ್ಟಿ."

"ರೊಟ್ಟಿ."

ಅರ್ಧ ತಾಸು ಬಿಟ್ಟು ಕೇಳಿದರೆ, "ನಂಗ ಯಾರು ರೊಟ್ಟಿ ಕೊಟ್ಟಾರೋ ಯಪ್ಪಾ?" ಎನ್ನುತ್ತಿದ್ದಳು.

ಎದುರು ಮನೆಯ ಶರಫೋದ್ದೀನ ಚಾಚಾನಿಗೂ ಮರೆವಿತ್ತು. ಹಿಂದಿನ ವರ್ಷ ಲಕ್ವಾ ಹೊಡೆದು ಎಡಗೈ ಸೋತಿತ್ತು. ಅಂದಿನಿಂದ ಮಾತೂ ನಿಧಾನ, ಯೋಚನೆಯೂ ನಿಧಾನ. ಆದರೆ ಅವನ ಹೆಂಡತಿ ಮುನವ್ವರ ಬೇಗಂ ಒಂದು ಸುಳಿವು ಕೊಟ್ಟರೆ ಮರೆತದ್ದು ನೆನಪಾಗಿಬಿಡುತ್ತಿತ್ತು. ಪಂಢರಿಗೆ ಇದೇ ಮುಳ್ಳಾಯಿತು.

"ಚಾಚಾಗ ನೆಪ್ಪ ಆಗ್ತದ, ಅವ್ವಗ ಯಾಕ ಆಗಂಗಿಲ್ಲ? ಒಂದೋ ಆಕಿ ನಾಟಕ ಮಾಡ್ತಾಳ, ಇಲ್ಲಾ ನೀ ಖರೇನೇ ಉಣ್ಣಾಕ ಹಾಕಂಗಿಲ್ಲ," ಎಂದ ಹೆಂಡತಿಗೆ. ಮರುದಿನವೇ ಔರಾದದಲ್ಲಿದ್ದ ಅವಳ ಅಣ್ಣ ಕಾಶೀರಾಮನಿಗೆ, ಬಂದು ತಂಗಿಯನ್ನು ಕರಕೊಂಡು ಹೋಗು ಎಂದು ಕಾಗದ ಬರೆದ. ಹದಿನೈದು ವರ್ಷ ಬಾಳಿದ ಮನೆ. ಜಿಜಾಬಾಯಿ ಒಲೆಯ ಮುಂದೆ ಕುಳಿತು ಅತ್ತಳು.

ಕಾಶೀರಾಮ ಭಾನುವಾರ ಬಂದ. ಅದೇ ಹೊತ್ತಿಗೆ ಸರಕಾರಿ ದವಾಖಾನೆಯ ನರ್ಸ ಕೌಸಲ್ಯಾಬಾಯಿ ಚಾಚಾನನ್ನು ನೋಡಲು ಎದುರು ಮನೆಗೆ ಬಂದಿದ್ದರು. ಜಿಜಾಬಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡು ನೇರ ಅಲ್ಲಿಗೆ ಹೋದಳು. "ಬಾಯಿಯವರ, ನಮ್ಮ ಅತ್ತಿನೂ ಒಂದೀಟ ನೋಡ್ರಿ. ಇಲ್ಲಂದ್ರ ನನ್ನ ಸಂಸಾರ ಇವತ್ತಿಗೆ ಮುಗೀತದ," ಎಂದಳು.

ಕೌಸಲ್ಯಾಬಾಯಿ ಎತ್ತರದವರಲ್ಲ, ದನಿಯೂ ಜೋರಲ್ಲ. ಎದುರಿನವರ ಮಾತು ಪೂರ್ತಿ ಮುಗಿಯುವ ತನಕ ಬಾಯಿ ತೆರೆಯುತ್ತಿರಲಿಲ್ಲ. ಅಂಥ ತಾಳ್ಮೆ ಎಷ್ಟು ಜನರಿಗಿರುತ್ತದೆ ಹೇಳಿ. ಜಿಜಾಬಾಯಿಯ ಮಾತೆಲ್ಲ ಕೇಳಿ, ಚಾಚಾನನ್ನೂ ಕೈಹಿಡಿದು ಈಚೆಯ ಕಟ್ಟೆಗೆ ಕರೆತಂದು ಸುಭದ್ರಾಬಾಯಿಯ ಪಕ್ಕ ಕೂಡಿಸಿದರು.

"ಆಯಿ, ಚಾಚಾ, ಮೂರು ಹೆಸರು ಹೇಳ್ತೇನಿ, ನೆಪ್ಪ ಇಟ್ಟುಕೋರಿ. ಕೊಡಲಿ, ಬಾಳಿಹಣ್ಣ, ಎಮ್ಮಿ."

ಇಬ್ಬರೂ ತಿರುಗಿ ಹೇಳಿದರು. ಜಿಜಾಬಾಯಿ ಚಹಾ ತಂದಳು. ಚಹಾ ಕುಡಿಯುತ್ತ ಸುಭದ್ರಾಬಾಯಿ ಬಗದಲ ಊರಿನಿಂದ ತನ್ನ ಮದುವೆಯ ದಿಬ್ಬಣ ಹೊರಟ ಕಥೆ ಹೇಳಿದಳು. ಬಂಡಿ ಎಷ್ಟು, ಎತ್ತುಗಳ ಹೆಸರೇನು, ದಾರಿಯಲ್ಲಿ ಗಾಲಿ ಮುರಿದದ್ದು ಎಲ್ಲಿ, ಒಂದೂ ತಪ್ಪಲಿಲ್ಲ.

"ನೋಡ್ರಿ ಮತ್ತ," ಎಂದ ಪಂಢರಿ. "ಐವತ್ತು ವರ್ಷದ್ದು ನೆಪ್ಪದ, ಅರ್ಧ ತಾಸಿಂದು ಇಲ್ಲಂದ್ರ ಯಾರು ನಂಬಬೇಕರಿ?"

ಕೌಸಲ್ಯಾಬಾಯಿ ಚಹಾದ ಬಟ್ಟಲು ಕೆಳಗಿಟ್ಟರು. "ಚಾಚಾ, ಆಗ ಹೇಳಿದ್ದು ಏನೇನ್ರಿ?" ಎಂದು ಕೇಳಿದರು.

ಚಾಚಾ ಬಹಳ ಹೊತ್ತು ತಡವರಿಸಿದ. "ಕೊಡಲಿ... ಮುಂದಿಂದು ಬರವಲ್ದು ಬೇಟಿ."

"ಒಂದು ತಿನ್ನೂದು."

"ಹಾಂ, ಬಾಳಿಹಣ್ಣ."

"ಒಂದು ಹಾಲು ಕೊಡೂದು."

"ಎಮ್ಮಿ."

ಸುಭದ್ರಾಬಾಯಿಗೂ ಹಾಗೆಯೇ ಕೇಳಿದರು. ಅದೇ ಸುಳಿವು ಕೊಟ್ಟರು. ಅವಳು ಮೊಮ್ಮಗಳನ್ನು ನೋಡುವಂತೆ ನರ್ಸಬಾಯಿಯನ್ನು ನೋಡಿ ನಕ್ಕಳು. "ನೀ ನಂಗ ಏನ್ ಹೇಳಿದ್ದಿ ತಾಯಿ? ಈಗ ಬಂದು ಕುಂತಿ."

ಕೌಸಲ್ಯಾಬಾಯಿ ಪಂಢರಿಯ ಕಡೆ ತಿರುಗಿ ಹೇಳಿದರು: "ಚಾಚಾನ ಮಾತು ಸಂದೂಕಿನ್ಯಾಗ ಅದರಿ, ಕೀಲಿ ಜಲ್ದಿ ಸಿಗಂಗಿಲ್ಲ. ಸುಳಿವು ಕೊಟ್ರ ತೆಗೀತಾರ. ಆಯಿಗೆ ಹೊಸ ಮಾತು ಸಂದೂಕಿನ್ಯಾಗ ಇಳಿಯಂಗೇ ಇಲ್ಲ. ಮೊದಲು ಇಟ್ಟಿದ್ದು ಮಾತ್ರ ಅದ. ಬಾಯಿಪಾಠ ಮಾಡಿಸಿದ್ರ ಏನ್ ಸಿಗ್ತದರಿ?"

"ಅಂದ್ರ ಅವ್ವ ಸುಳ್ಳು ಹೇಳವಲ್ಲಳು?"

"ಸುಳ್ಳು ಹೇಳಬೇಕಂದ್ರ ಖರೆ ನೆಪ್ಪಿರಬೇಕಲ್ಲರಿ."

ಪಂಢರಿ ತಲೆ ತಗ್ಗಿಸಿದ. ಅರವತ್ತಕ್ಕೆ ಅರಳುಮರಳು ಎಂದು ಊರೆಲ್ಲ ಅನ್ನುತ್ತದಲ್ಲ ಎಂದು ಕಾಶೀರಾಮ ಕೇಳಿದಾಗ ನರ್ಸಬಾಯಿ ಅಲ್ಲ ಎಂದು ತಲೆಯಾಡಿಸಿದರು. "ಎಲ್ಲಾರಿಗೂ ಒಂದೇ ಮಾತು ಹ್ಯಾಂಗ ಹೊಂದ್ತದರಿ? ನಿಮ್ಮ ಔರಾದ ಕಡಿ ಒಬ್ಬ ಮುದುಕ ಇದ್ದಾನ. ಒಂದು ದಿನ ನಮ್ಮ ನಿಮ್ಮಂಗ ಶಾಣ್ಯಾ, ಮರುದಿನ ಮಂಕು. ಇಲ್ಲದ ಮಂದಿ ಅಂಗಳದಾಗ ಕಾಣ್ತಾರ ಆತಗ. ಬೀದರದಾಗ ಒಬ್ಬಾಕಿಗೆ ನೆಪ್ಪೆಲ್ಲ ಅದ, ನಡತಿನೇ ಬದಲಾಗ್ಯದ, ನಾಚಿಕಿ ಹೋಗ್ಯದ, ಮಕ್ಕಳ ಮ್ಯಾಲಿನ ಅಂತಃಕರಣ ಹೋಗ್ಯದ. ಬ್ಯಾನಿ ಬ್ಯಾರೆ ಬ್ಯಾರೆ. ನಾ ನೋಡಿದ್ದು ಬರೇ ಅಂದಾಜು. ಡಾಕ್ಟರ ಸಾಹೇಬರಿಗೆ ಇಬ್ಬರನ್ನೂ ತೋರಸ್ರಿ."

ಅಷ್ಟರಲ್ಲಿ ಸುಭದ್ರಾಬಾಯಿ ಕಾಶೀರಾಮನ ಕೈಹಿಡಿದಳು. "ತಮ್ಮಾ, ಸೊಸಿ ಊಟ ಹಾಕಿಲ್ಲ ನೋಡು."

ಜಿಜಾಬಾಯಿ ಗಂಡನ ಮುಖ ನೋಡಿದಳು. ಪಂಢರಿ ಎದ್ದು ಓಣಿಗೆಲ್ಲ ಕೇಳುವಂತೆ ಹೇಳಿದ: "ನನ್ನ ಹೇಣ್ತಿ ದಿನಾ ಉಣಸ್ತಾಳ. ಕಾಗದ ಬರದದ್ದು ನನ್ನ ತಪ್ಪು, ಭಾವಾ." ಆಮೇಲೆ ತಾಯಿಯ ಹತ್ತಿರ ಬಗ್ಗಿ, ವಾದ ಮಾಡದೆ, "ಹಸಿವಿ ಆಗ್ಯದೇನವ್ವಾ? ಬಾ, ನನ್ನ ಕೂಡ ನಾಕು ತುತ್ತು ಉಣ್ಣು," ಎಂದ.

ಕಾಶೀರಾಮ ಊಟ ಮಾಡಿ ಒಬ್ಬನೇ ಔರಾದಕ್ಕೆ ಹೊರಟ. ಜಿಜಾಬಾಯಿ ಬಾಗಿಲ ತನಕ ಬಂದು ಕಳಿಸಿಕೊಟ್ಟಳು. ತಿಂಗಳುಗಟ್ಟಲೆ ಆದಮೇಲೆ ಅಂದು ಓಣಿಯವರ ಮುಖ ನೋಡಿ ನಿಂತಿದ್ದಳು.

ಓದುಗರೇ, ಅಂದು ಕೌಸಲ್ಯಾಬಾಯಿಯವರಂಥವರು ಕಣ್ಣಿಟ್ಟು ನೋಡಿ ತಿಳಿದದ್ದಕ್ಕೆ ಇಂದು ಹೆಸರುಗಳಿವೆ. ಹೊಸದು ನಿಲ್ಲದಿರುವುದು ಹೆಚ್ಚಾಗಿ ಅಲ್ಝೈಮರ್ ಕಾಯಿಲೆಯಲ್ಲಿ. ಲಕ್ವಾದ, ಅಂದರೆ ಪಾರ್ಶ್ವವಾಯುವಿನ ನಂತರ ಬರುವುದು ಮಿದುಳಿನ ರಕ್ತನಾಳದ ತೊಂದರೆಯ ಮರೆವು. ಇಲ್ಲದ್ದು ಕಾಣುವುದು ಹೆಚ್ಚಾಗಿ ಲೆವಿ ಬಾಡಿ ಎಂಬ ಕಾಯಿಲೆಯಲ್ಲಿ, ನಡತೆ ಮೊದಲು ಕೆಡುವುದು ಮಿದುಳಿನ ಮುಂಭಾಗದ ಕಾಯಿಲೆ. ಕೆಲವರಲ್ಲಿ ಎರಡು ಕೂಡಿಯೂ ಇರಬಹುದು. ಥೈರಾಯ್ಡ್ ತೊಂದರೆಯಿಂದ, ಬಿ-12 ಕೊರತೆಯಿಂದ ಬಂದ ಮರೆವಾದರೆ ಚಿಕಿತ್ಸೆಯಿಂದ ಸುಧಾರಿಸಬಹುದು. ಮನೆಯಲ್ಲೇ ತೀರ್ಪು ಕೊಡಬೇಡಿ. ವಯಸ್ಸಾಯಿತು ಎಂದು ಬಿಡಬೇಡಿ, ನಾಟಕ ಎಂದು ಬಯ್ಯಬೇಡಿ, ವೈದ್ಯರಿಗೆ ತೋರಿಸಿ. ಮತ್ತು ಮರೆವಿನವರಿಗೆ ದಿನವೂ ಉಣಿಸುತ್ತ, ಅವರಿಂದಲೇ ದೂರು ಕೇಳುವ ಒಬ್ಬರು ನಿಮ್ಮ ಮನೆಯಲ್ಲಿದ್ದರೆ, ಆ ಒಬ್ಬರಿಗೆ ನಾಲ್ಕು ಜನರ ಎದುರಿಗೆ ಹೇಳಿ: ನೀನು ಉಣಿಸಿದ್ದನ್ನು ನಾವು ನೋಡಿದ್ದೇವೆ.