ಪ್ರಫುಲ್ಲಾ ತುಂಬಿಟ್ಟ ಡಬ್ಬಿಗಳು

ಶವಪೆಟ್ಟಿಗೆಯ ಬುಡದಲ್ಲಿ ಮಂಡಿಯೂರಿ ಹಯವದನ ಅಕ್ಕಿ ಕಾಳು ಆರಿಸುತ್ತಿದ್ದ. ಹೆಂಡತಿಗೆ ಕೊನೆಯದಾಗಿ ಹಾಕಬೇಕಾದ ಹಿಡಿ ಅಕ್ಕಿಯಲ್ಲಿ ಅರ್ಧದಷ್ಟು ಬೆರಳ ಸಂದಿಯಿಂದ ಜಾರಿ ಪ್ರಾರ್ಥನಾ ಮಂದಿರದ ಕಲ್ಲುನೆಲದ ಮೇಲೆ ಚೆಲ್ಲಿತ್ತು. ಸ್ವೀಡನ್ನಿನ ಓರೆಬ್ರೂ ಊರಿನ ಕನ್ನಡದವರೆಲ್ಲ ಕಪ್ಪು ಬಟ್ಟೆ ತೊಟ್ಟು ಹಿಂದೆ ಸಾಲಾಗಿ ಕಾದಿದ್ದರು. ಮಂದಿರ ನೋಡಿಕೊಳ್ಳುವ ಸ್ವೀಡಿಶ್ ಹೆಂಗಸು ಪಕ್ಕದಲ್ಲೇ ಕೂತು, ತಾನೂ ನಾಲ್ಕು ಕಾಳು ಹೆಕ್ಕಿ ಅವನ ಅಂಗೈಗೆ ಹಾಕಿದಳು.

"ಬಿಡಿ ಹಯವದನ ಅವ್ರೆ, ಆಮೇಲೆ ಅವ್ರೇ ಕ್ಲೀನ್ ಮಾಡ್ತಾರೆ," ಎಂದಳು ಪ್ರಫುಲ್ಲಾಳ ಗೆಳತಿ ಊರ್ಮಿಳಾ.

"ಚೆಲ್ಲಿದ್ರೆ ಅವಳಿಗೆ ಆಗಲ್ಲ."

ಊರ್ಮಿಳಾ ಮುಖ ತಿರುಗಿಸಿಕೊಂಡಳು. ಪ್ರಫುಲ್ಲಾ ಹೃದಯ ನಿಂತು ಹೋಗಿ ಮೂರು ವಾರವಾಗಿತ್ತು. ಈ ದೇಶದಲ್ಲಿ ಎಲ್ಲದಕ್ಕೂ ಸರದಿ, ಸತ್ತವರೂ ಕಾಯಬೇಕು. ಆ ಮೂರು ವಾರ ಹಯವದನ ಹೆಚ್ಚಾಗಿ ಯೋಚಿಸಿದ್ದು ಸಾವನ್ನಲ್ಲ, ಅವಳ ಕೈಯ ಹುಳಿಯನ್ನು. ಇಷ್ಟು ಓದಿದವನಿಗೆ ಇದೇನು ಹುಚ್ಚು ಎಂದು ಅವನಿಗೇ ನಾಚಿಕೆಯಾಗುತ್ತಿತ್ತು.

*

ಅವನು ಪಿಎಚ್‌ಡಿ ಮಾಡಲು ಬಂದ ಬಡತನದ ವರ್ಷಗಳಲ್ಲಿ ಪ್ರಫುಲ್ಲಾ ಕಲಿತ ವಿದ್ಯೆ, ಏನನ್ನೂ ಚೆಲ್ಲದೆ ಅಡುಗೆ ಮಾಡುವುದು. ವಾಯಿದೆ ಮುಗಿಯಲಿರುವ ತರಕಾರಿಗೆ ಸಂಜೆ ಅಂಗಡಿಯವರು ಅರ್ಧ ಬೆಲೆಯ ಚೀಟಿ ಅಂಟಿಸುತ್ತಾರೆಂದು ಮೊದಲ ಚಳಿಗಾಲದಲ್ಲೇ ಪತ್ತೆ ಹಚ್ಚಿದಳು. ಸಿಕ್ಕಿದ್ದರ ಮೇಲೆ ವಾರದ ಅಡುಗೆ ನಿಶ್ಚಯವಾಗುತ್ತಿತ್ತು. ಎಲೆಕೋಸು ಸಿಕ್ಕಿತೆನ್ನಿ, ಹುಳಿಗಿಷ್ಟು, ಪಲ್ಯಕ್ಕಿಷ್ಟು, ಮಿಕ್ಕಿದ್ದು ರೊಟ್ಟಿಯ ಹಿಟ್ಟಿಗೆ. ಅಕ್ಕಿ ಬೇಳೆ ಸ್ಟಾಕ್‌ಹೋಮಿನಿಂದ ಮೂಟೆಗಟ್ಟಲೆ ಬರುತ್ತಿತ್ತು. ಭಾನುವಾರವೆಲ್ಲ ಬೇಯಿಸಿ, ಐಸ್‌ಕ್ರೀಮಿನ ಖಾಲಿ ಡಬ್ಬಿಗಳಿಗೆ ತುಂಬಿ, ತಾರೀಕು ಬರೆದು ಫ್ರೀಜರಿಗೆ ಇಡುತ್ತಿದ್ದಳು. ಹಳೆಯ ಡಬ್ಬಿ ತೀರದೆ ಹೊಸದಕ್ಕೆ ಕೈ ಹಾಕುವಂತಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಅವನಿಗೆ ಕಾಯಂ ಕೆಲಸವಾಗಿ, ಸ್ವಂತ ಮನೆಯಾಗಿ ಹಾಸಿಗೆ ಉದ್ದವಾದ ಮೇಲೂ ಅವಳು ಕಾಲು ಚಾಚಲಿಲ್ಲ.

ಅವನಿಗೆ ಅದು ರೇಜಿಗೆಯಾಗಿತ್ತು. ಹಿಂದಿನ ದೀಪಾವಳಿಯಲ್ಲಿ ಊಟಕ್ಕೆ ಕೂತ ಗೆಳೆಯರ ಮುಂದೆ, "ನಮ್ಮನೇಲಿ ಫ್ರೆಶ್ ಅಂತ ಸಿಗೋದು ಗಾಳಿ ಒಂದೇ," ಎಂದುಬಿಟ್ಟ. ಎಲ್ಲರೂ ನಕ್ಕರು. ಪ್ರಫುಲ್ಲಾಳೂ ನಕ್ಕಳು, ಆಮೇಲೆ ಅಡುಗೆಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಅಂದು ಅವಳು ಬೆಳಗಿನಿಂದ ನಿಂತು ಎಲ್ಲವನ್ನೂ ಹೊಸದಾಗಿ ಮಾಡಿದ್ದಳು. ಅದು ಅವನಿಗೂ ಗೊತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

*

ಮನೆಗೆ ಬಂದ ಮೇಲೆ ಊರ್ಮಿಳಾ ಎಲ್ಲರಿಗೂ ಬಿಸಿಬೇಳೆಬಾತ್ ಬಡಿಸಿದಳು. ಮೂರು ವಾರದಿಂದ ಸರದಿಯ ಮೇಲೆ ಒಂದೊಂದು ಮನೆಯವರು ಊಟ ತಂದಿದ್ದರು. ಎಲ್ಲವೂ ರುಚಿಯಾಗಿಯೇ ಇತ್ತು, ಯಾವುದೂ ಅವನ ಗಂಟಲಲ್ಲಿ ಇಳಿಯಲಿಲ್ಲ. ಅವನ ತಟ್ಟೆ ಹಾಗೇ ಇದ್ದುದನ್ನು ಕಂಡು ಊರ್ಮಿಳಾ ಪಕ್ಕದಲ್ಲಿ ಬಂದು ಕೂತಳು.

"ಅವತ್ತು ನಾನು ಹಾಗೆ ಮಾಡ್ಬಾರ್ದಿತ್ತು ಅಲ್ವಾ?"

"ನೀವು ಕೇಳಿದ್ರಿ. ಹೂಂ ಅಂದಿದ್ದು ನಾನು."

*

ಸಾವಾದ ದಿನ ಮೊದಲು ಓಡಿ ಬಂದವಳು ಅವಳೇ. ಸಾವು ಸಂಭವಿಸಿದಾಗ ಮನೆಯಲ್ಲಿದ್ದ ಬೇಯಿಸಿದ ಪದಾರ್ಥ ಉಣ್ಣಬಾರದು, ತೆಗೆದುಬಿಡಲೇ ಎಂದು ಮೆಲ್ಲಗೆ ಕೇಳಿದ್ದಳು. ಊರಿನಲ್ಲಾದರೆ ಅದು ಒಂದು ಪಾತ್ರೆ ಸಾರಿನ ಮಾತು. ಆ ಶಾಸ್ತ್ರ ಮಾಡಿದವರು ಫ್ರೀಜರ್ ಕಂಡವರಲ್ಲ. ಆಸ್ಪತ್ರೆಯವರು ಕೊಟ್ಟ ಪ್ರಫುಲ್ಲಾಳ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹಯವದನ, ನಿಮಗೆ ಸರಿ ಕಂಡಂತೆ ಮಾಡಿ ಎಂದ. ಸ್ವಲ್ಪ ಹೊತ್ತಿಗೆ ಕೆಳಗಿನ ಕಸದ ತೊಟ್ಟಿಯಲ್ಲಿ ಹೆಪ್ಪುಗಟ್ಟಿದ ಊಟ ದಬದಬನೆ ಬೀಳುವುದು ಕೇಳಿಸಿತು. ಒಂದು ಸೌಟು ಸಾರನ್ನೂ ಚೆಲ್ಲದವಳ ತಿಂಗಳ ಅಡುಗೆ ಅದು.

ಕೆಲವು ದಿನಗಳ ಮೇಲೆ ಹಸಿವಾಗಿ ಫ್ರೀಜರ್ ತೆರೆದ. ಒಂದು ಪೊಟ್ಟಣ ಬಟಾಣಿ ಮಾತ್ರ ಇತ್ತು. ಆಸ್ಪತ್ರೆಯಲ್ಲಿ ಬಾರದ ಅಳು ಆಗ ಬಂತು.

*

ಬಂದವರೆಲ್ಲ ಹೊರಟ ಮೇಲೆ ಮಗಳು ಇಂಚರಾ ಪಾತ್ರೆ ತೊಳೆಯುತ್ತಿದ್ದಳು. ಅವಳು ಶೋವ್ಡೆ ಎಂಬ ಬೇರೆ ಊರಿನಲ್ಲಿ ಓದುತ್ತಿದ್ದಳು. ರಜೆಗೆ ಬಂದು ಹೋಗುವಾಗಲೆಲ್ಲ ಪ್ರಫುಲ್ಲಾ ಅವಳ ಚೀಲಕ್ಕೂ ಡಬ್ಬಿ ತುಂಬುತ್ತಿದ್ದಳು. ಅದು ಹಯವದನನಿಗೆ ಥಟ್ಟನೆ ಹೊಳೆಯಿತು. ಇಷ್ಟು ದಿನ ಏಕೆ ಹೊಳೆಯಲಿಲ್ಲವೋ.

"ಪುಟ್ಟೀ, ಅಮ್ಮ ನಿಂಗೆ ಕೊಟ್ಟು ಕಳಿಸ್ತಿದ್ಳಲ್ಲ, ಅದ್ರಲ್ಲಿ ಒಂದು ಡಬ್ಬಿ ಆದ್ರೂ ಉಳಿದಿದ್ಯಾ?"

ಅವಳು ನಲ್ಲಿ ನಿಲ್ಲಿಸಿದಳು. ತಿರುಗಲಿಲ್ಲ.

"ಇದೆ ಅಪ್ಪ. ಈ ಟರ್ಮಿಂದು ಎಲ್ಲಾ ಇದೆ."

"ಎಲ್ಲಾನಾ?"

"ಐ ನೆವರ್ ಏಟ್ ದೆಮ್. ಫ್ರೆಂಡ್ಸ್ ಜೊತೆ ಹೊರಗಡೆ ತಿಂತಿದ್ದೆ. ಅಮ್ಮ ಫೋನಲ್ಲಿ ಕೇಳಿದ್ರೆ ಚೆನ್ನಾಗಿತ್ತು ಅಂತಿದ್ದೆ."

ಅವನು ಕಾರಿನ ಕೀಲಿ ತೆಗೆದುಕೊಂಡ.

ದಾರಿಯುದ್ದಕ್ಕೂ ಮೇ ತಿಂಗಳ ಬಿಸಿಲಿತ್ತು. ಶೋವ್ಡೆಯ ಹಾಸ್ಟೆಲಿನ ಅಡುಗೆಮನೆ ಎಲ್ಲ ವಿದ್ಯಾರ್ಥಿಗಳಿಗೂ ಒಂದೇ. ಯಾರೋ ಹುಡುಗಿ ಪಾಸ್ತಾ ಬೇಯಿಸುತ್ತಿದ್ದವಳು ಇವರ ಕಪ್ಪು ಬಟ್ಟೆ ನೋಡಿ ಒಲೆ ಸಣ್ಣಗೆ ಮಾಡಿ ಹೊರಗೆ ಹೋದಳು. ಇಂಚರಾ ಫ್ರೀಜರಿನ ತನ್ನ ಖಾನೆ ಎಳೆದಳು. ಮಂಜು ಹಿಡಿದ ಡಬ್ಬಿಗಳು ಒತ್ತೊತ್ತಾಗಿ ಕೂತಿದ್ದವು. ಮುಚ್ಚಳಗಳ ಮೇಲೆ ಪ್ರಫುಲ್ಲಾಳ ಗುಂಡಗಿನ ಅಕ್ಷರವಿತ್ತು. ಹಯವದನ ಮುಂದಿದ್ದದ್ದನ್ನು ಎತ್ತಿಕೊಂಡ, ಕೋಸಿನ ಹುಳಿ.

ಅವಳು ಪಾತ್ರೆ ಹುಡುಕಿ ತಿರುಗುವಷ್ಟರಲ್ಲಿ ಅವನು ಮುಚ್ಚಳ ತೆಗೆದು, ಕಲ್ಲಾದ ಹುಳಿಯನ್ನು ಚಮಚದಿಂದ ಕೆರೆಯುತ್ತಿದ್ದ.

"ಅಪ್ಪ, ಬಿಸಿ ಮಾಡ್ತೀನಿ, ಸ್ವಲ್ಪ ಇರಿ."

ಅವನು ಕೆರೆದ ಚೂರನ್ನು ಬಾಯಿಗೆ ಹಾಕಿಕೊಂಡು, ಕರಗುವವರೆಗೂ ಕಣ್ಣು ಮುಚ್ಚಿ ನಿಂತ. ಮತ್ತೆ ಕೆರೆದ. ಇಂಚರಾ ಪಾತ್ರೆ ಕೆಳಗಿಟ್ಟು, ತಾನೂ ಒಂದು ಚಮಚ ತೆಗೆದುಕೊಂಡು ಹತ್ತಿರ ಬಂದಳು. ಖಾನೆಯಲ್ಲಿ ಇನ್ನೂ ಬೇಕಾದಷ್ಟು ಡಬ್ಬಿಗಳಿದ್ದವು. ಆದರೂ ಅವನು ಕೈಯಲ್ಲಿದ್ದದ್ದನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದ. ಅವಳು ಚಮಚ ಹಿಡಿದು ಅಲ್ಲೇ ನಿಂತಳು.