ಡೆಲ್ಮರನ ಸಮಾಧಿಗೊಂದು ಗಿಡ

ಡೆಲ್ಮರ್ ಸತ್ತ ಸುದ್ದಿ ಕೇಳಿ ನನಗೆ ಕಣ್ಣೀರು ಬರಲಿಲ್ಲ. ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ?

ಪಕ್ಕದ ಮನೆಯವನು. ನೆಬ್ರಾಸ್ಕದ ಜುಲೈ ಬಿಸಿಲಲ್ಲೂ ಅವನ ಹುಲ್ಲುಹಾಸು ಹಸಿರಾಗಿರಬೇಕು, ಅದಕ್ಕೆ ಹಗಲೆಲ್ಲ ನೀರು. ನನ್ನ ಅಂಗಳದಲ್ಲಿ ನೀರನ್ನೇ ಕೇಳದ ಗಿಡವೊಂದಿತ್ತು, ದಿಕ್ಸೂಚಿ ಹೂವಿನದು. ಅದರ ಎಲೆಗಳು ಉತ್ತರ ದಕ್ಷಿಣಕ್ಕೆ ತಿರುಗಿ ನಿಲ್ಲುತ್ತವೆ, ದಂಟು ಆಳೆತ್ತರ ಮೀರುತ್ತದೆ, ಹೂವು ಹಳದಿ. ರೈಲುಹಳಿ ಪಕ್ಕ ಉಳಿದಿದ್ದ ಹಳೆಯ ಹುಲ್ಲುಗಾವಲಿನಿಂದ ಅಮ್ಮ ಬೀಜ ಆಯ್ದು ತಂದಿದ್ದಳು. ಮೊದಲ ಹೂವಿಗೆ ವರ್ಷಗಟ್ಟಲೆ ಕಾಯಬೇಕು. ಅಮ್ಮ ಕಾಯುತ್ತಲೇ ತೀರಿಕೊಂಡಳು. ಅವಳ ಪರವಾಗಿ ನಾನಾದರೂ ಒಮ್ಮೆ ನೋಡಬೇಕೆಂದಿದ್ದೆ.

ಮೊಗ್ಗು ಕಟ್ಟಿದಾಗಲೆಲ್ಲ ಡೆಲ್ಮರ್ ಊರಿನ ಕಚೇರಿಗೆ ಹೋಗಿ, ಆರ್ಡಿಸ್ ಅಂಗಳದಲ್ಲಿ ಕಳೆ ಬೆಳೆದಿದೆ ಎಂದು ನನ್ನ ಹೆಸರು ಹಿಡಿದು ದೂರು ಕೊಡುತ್ತಿದ್ದ. ಅಂಗಳದಲ್ಲಿ ಕಳೆ ಬೆಳೆಸುವಂತಿಲ್ಲ ಎಂಬುದು ಊರಿನ ನಿಯಮ, ಅವರು ಬಂದು ಕೊಯ್ದು ಹೋಗುತ್ತಿದ್ದರು. ಬೇರು ಮತ್ತೆ ಚಿಗುರುತ್ತಿತ್ತು. ಕಳೆದ ಬೇಸಿಗೆಯಲ್ಲಿ ಬೇಲಿಯಾಚೆಯಿಂದಲೇ ಕಳೆನಾಶಕ ಹೊಡೆದ. ಗಿಡ ಬುಡಸಮೇತ ಸತ್ತಿತು. ಕೇಳಿದ್ದಕ್ಕೆ, ಗಾಳಿಗೆ ಹಾರಿರಬೇಕು ಎಂದು ಹಲ್ಲು ಕಿರಿದ. ಚಳಿ ಬೀಳುವ ಹೊತ್ತಿಗೆ ಅವನೂ ಹೋದ.

ಅಮ್ಮನ ಡಬ್ಬಿಯಲ್ಲಿ ಒಂದು ಹಿಡಿ ಬೀಜ ಉಳಿದಿತ್ತು. ಚಳಿ ತಿನ್ನದೆ ಅವು ಮೊಳೆಯುವುದಿಲ್ಲ, ಹಾಗಾಗಿ ಒದ್ದೆ ಮರಳಲ್ಲಿ ಬೆರೆಸಿ ಫ್ರಿಜ್ಜಿನಲ್ಲಿಟ್ಟೆ. ಬೀಜದ ಜೊತೆ ನನ್ನ ಸಿಟ್ಟನ್ನೂ ಕೆಡದಂತೆ ಕಾಪಾಡಿಕೊಂಡೆ. ಮೇ ಕೊನೆಗೆ, ಊರವರೆಲ್ಲ ಸಮಾಧಿಗಳಿಗೆ ಹೂವಿಡುವ ಮುನ್ನಾದಿನ, ಡೆಲ್ಮರನ ಸಮಾಧಿಯ ಮಣ್ಣು ಕೆದಕುತ್ತ ಕೂತಿದ್ದೆ. ಸಮಾಧಿಯ ಮೇಲಿನ ಗಿಡವನ್ನು ಇಲ್ಲಿ ಯಾರೂ ಕೊಯ್ಯುವುದಿಲ್ಲ.

ಹಿಂದೆ ನೆರಳು ಬಿತ್ತು. ಅವನ ಹೆಂಡತಿ ವೀಡಾ, ಕಾಫಿ ಡಬ್ಬಿಯಲ್ಲಿ ಪಿಯೋನಿ ಹೂ ಹಿಡಿದು ನಿಂತಿದ್ದಳು.

"ಅದೇ ಗಿಡದ ಬೀಜಾನಾ, ಆರ್ಡಿಸ್?"

"ಅದೇ." ಸಿಕ್ಕಿಬಿದ್ದ ಮೇಲೆ ಮುಚ್ಚಿಡುವುದೇನು? ಅವನ ಮೇಲಿದ್ದ ವಿಷವನ್ನೆಲ್ಲ ಅವಳೆದುರು ಕಾರಿಕೊಂಡೆ. ಪೊಲೀಸರನ್ನು ಕರೆಯುವುದಿದ್ದರೆ ಕರಿ ಎಂದೂ ಅಂದೆ.

ವೀಡಾ ಡಬ್ಬಿಯನ್ನು ಪಕ್ಕದ ಯಾರದೋ ಸಮಾಧಿಯ ಮೇಲಿಟ್ಟಳು.

"ಕಾರಿನ ಮೇಲೆ ಹೂ ಉದುರುತ್ತೆ ಅಂತ ನನ್ನ ಲೈಲ್ಯಾಕ್ ಗಿಡಾನ ವರ್ಷಾ ವರ್ಷಾ ಬೋಳಿಸ್ತಿದ್ದ. ಒಂದು ಗೊಂಚಲು ಮನೆಯೊಳಗೆ ತಂದಿಟ್ಟೋಳಲ್ಲ ನಾನು." ನನ್ನ ಕೈಯಲ್ಲಿದ್ದ ಬೀಜಗಳತ್ತ ಬಾಗಿದಳು. "ಇದರ ಬೇರು ಎಷ್ಟು ಆಳ ಹೋಗುತ್ತೆ?"

"ಹದಿನೈದು ಅಡಿ."

"ಇವನನ್ನ ಹೂತಿರೋದು ಆರೇ ಅಡಿ."

ಕೈಚೀಲ ಕೆಳಗಿಟ್ಟು ನನ್ನ ಪಕ್ಕ ಮಂಡಿಯೂರಿದಳು.

"ತಲೆ ಈ ಕಡೆ ಇದೆ," ಅಂದಳು. "ಇಲ್ಲಿ ಹಾಕು."