ಒರೆಸದ ಹಸೆ

ವಿಶಾಲಮ್ಮನ ಹೆಣಕ್ಕೆ ನೀರು ಹೊಯ್ಯುತ್ತಿದ್ದ ಹೆಂಗಸರ ಕೈ ಎದೆಯ ಹುಣ್ಣಿನ ಬಳಿ ಬಂದಾಗ ನಿಂತಿತು. ಮಗಳು ಮಹಾಲಕ್ಷ್ಮೀ ಥಟ್ಟನೆ ಸೀರೆ ಮುಚ್ಚಿದಳು.

"ಏನಾಗಿತ್ತೇ ನಿನ್ನವ್ವಂಗೆ?" ಕೇಳಿದವಳು ಹೊಸನಗರದ ಗುತ್ಯಮ್ಮ, ಬರುವ ತಿಂಗಳು ಮಹಾಲಕ್ಷ್ಮೀಗೆ ಅತ್ತೆಯಾಗಬೇಕಿದ್ದವಳು.

"ಕುರ ಆಗಿ ಕೀವಾಗಿತ್ತು."

ಅವ್ವ ಆಣೆ ಹಾಕಿಸಿ ಕಲಿಸಿಹೋಗಿದ್ದ ಸುಳ್ಳು ಅದು.

ಸಾಗರ ಸೀಮೆಯ ಮದುವೆಮನೆಗಳ ಗೋಡೆಗೆಲ್ಲ ಹಸೆ ಚಿತ್ತಾರ ಬರೆದವಳು ವಿಶಾಲಮ್ಮ. ಯಾರಾದರೂ ತಾಕಿ ಗೆರೆ ಸೊಟ್ಟಗಾದರೆ ಮದುಮಗನ ಅಪ್ಪನನ್ನೂ ಬಯ್ಯುವ ಬಾಯಿ. ಮಗಳ ಮದುವೆಯ ಹಸೆಯನ್ನು ಮಾತ್ರ ತನ್ನ ಮನೆಯ ಗೋಡೆಗೆ ತಿಂಗಳು ಮೊದಲೇ ಬರೆದು ಮುಗಿಸಿದ್ದಳು. ಆ ಆತುರದ ಕಾರಣ ಮಗಳೊಬ್ಬಳಿಗೇ ಗೊತ್ತಿತ್ತು.

*

ಹೋದ ಬೇಸಿಗೆ. ಅವ್ವನದು ಕ್ಯಾನ್ಸರ್ ಎಂದ ಡಾಕ್ಟರು, ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆಂದು ಅವಳಿಗೆ ಬಿಡಿಸಿ ಹೇಳಿದ್ದರು. "ಜೀವಕೋಶ ಎರಡಾಗ್ಬೇಕಾದ್ರೆ ಕೆಲಸ ಮುಗಿದ ಪ್ರೋಟೀನನ್ನ ಹೊತ್ತಿಗೆ ಸರಿಯಾಗಿ ಕರಗಿಸ್ಬೇಕು. ಅದು ಉಳ್ಕೊಂಡ್ರೆ ಕ್ರೋಮೋಸೋಮು ಸಮನಾಗಿ ಪಾಲಾಗಲ್ಲ. ಆ ತಪ್ಪೇ ಮುಂದಕ್ಕೆ ಬೆಳೀತಾ ಹೋಗತ್ತೆ. ಕ್ಯಾನ್ಸರಿಗೆ ಇದೂ ಒಂದು ದಾರಿ ಅಂತ ಈಗೀಗ ಗೊತ್ತಾಗ್ತಿದೆ."

ಬಸ್ಸಿನಲ್ಲಿ ಮಗಳು ತಿಳಿಸಿದಾಗ ವಿಶಾಲಮ್ಮ ನಕ್ಕಳು. "ಹಂಗಾರೆ ಹಸೆ ಇದ್ದಂಗೇ ಬಿಡು. ಹಳೇದನ್ನ ಕೆಮ್ಮಣ್ಣಲ್ಲಿ ಒರೆಸ್ದೆ ಮೇಲೇ ಬರೆದ್ರೆ ಗೆರೆ ಎಲ್ಲಾ ಕಲಸೋಗ್ತದೆ." ಆಮೇಲೆ ಕಿಟಕಿಯತ್ತ ತಿರುಗಿದಳು. "ಗಂಟು ಸಿಕ್ಕಿ ವರ್ಷ ಆತು ಕಣೇ. ನಿನ್ನ ಮದುವೆ ಮುರೀತದೆ ಅಂತ ಬಾಯಿ ಬಿಡ್ಲಿಲ್ಲ. ನೀನೂ ಬಿಡ್ಬ್ಯಾಡ."

*

ಗಂಡಸರು ಸ್ಮಶಾನದಿಂದ ಮರಳಿದರು. ಗುತ್ಯಮ್ಮ ಜಗಲಿಯಲ್ಲಿ ತೀರ್ಮಾನ ಕೊಟ್ಟಳು. "ಸೂತಕ ಕಳೀತಿದ್ದಂಗೆ ಮದುವೆ ಮುಗಿಸಾನ. ಇಲ್ದಿದ್ರೆ ವರ್ಷ ಕಾಯ್ಬೇಕು. ಹಸೆ ಹೆಂಗೂ ಬರೆದಾಗದೆ, ಒರೆಸೋದು ಬ್ಯಾಡ."

ಅಪ್ಪ ಕೆರಿಯಪ್ಪ ಒಪ್ಪಿ ತಲೆಯಾಡಿಸಿದ.

ಹೋದ ವಾರ ಮೀಯುವಾಗ ಮಹಾಲಕ್ಷ್ಮೀಯ ಎದೆಯಲ್ಲೂ ಕಡಲೆಕಾಳಿನಷ್ಟು ಗಂಟು ಬೆರಳಿಗೆ ಸಿಕ್ಕಿತ್ತು. ಬಾಯಿ ಬಿಟ್ಟರೆ ಮದುವೆ ಇಲ್ಲ, ಬಿಡದಿದ್ದರೆ ಅವ್ವನ ದಾರಿ. ಅದರ ಮೇಲೆ ಆಣೆ ಬೇರೆ.

ಹೆಣ ಮಲಗಿಸಿದ್ದ ಜಾಗ ಸಾರಿಸಲು ಕೆಮ್ಮಣ್ಣು ಕಲಸಿಟ್ಟಿದ್ದರು. ಅವಳು ಬಟ್ಟೆ ಅದ್ದಿ ನೇರ ಗೋಡೆಯ ಹತ್ತಿರ ಹೋದಳು.

"ಏ ಹುಡ್ಗಿ, ಅದು ಹಸೆ ಕಣೇ!" ಗುತ್ಯಮ್ಮ ಕೂಗಿದಳು.

"ಅವ್ವಂಗೆ ಕ್ಯಾನ್ಸರ್ ಆಗಿತ್ತು. ನಂಗೂ ಗಂಟು ಸಿಕ್ಕಿದೆ. ನಾಳೆ ಡಾಕ್ಟ್ರ ಹತ್ರ ಹೋಗ್ತೀನಿ."

ಬಿಳಿ ಗೆರೆಗಳು ಒಂದೊಂದಾಗಿ ಹಸಿ ಕೆಂಪಿನಲ್ಲಿ ಮುಳುಗಿದವು. ಮೂಲೆಯಲ್ಲಿ ಅಕ್ಕಿಹಿಟ್ಟು ಮೆತ್ತಿದ ಅವ್ವನ ಹೆಬ್ಬೆರಳಿನ ಗುರುತೊಂದು ಉಳಿದಿತ್ತು. ಮಹಾಲಕ್ಷ್ಮೀ ಅದರ ಮೇಲೆ ತನ್ನ ಹೆಬ್ಬೆರಳಿಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅದನ್ನೂ ಒರೆಸಿದಳು.